ಬೆನ್ನಿಗೆ ಹಾಲು

ಚೈತು,

ಆಶೀರ್ವಾದವನ್ನು ಕೊನೆಗೆ ಬರೆಯುತ್ತೇನೆ, ಮೊದಲು ಇದನ್ನು ಓದು. ಫೋನಿನಲ್ಲಿ ಹೇಳೋಣವೆಂದರೆ ನಾನು ಬಾಯಿ ತೆರೆಯುವಷ್ಟರಲ್ಲಿ "ಸಾರಿ ಅಕ್ಕಾ, ಬಿಟ್ಬಿಡಕ್ಕಾ" ಅಂತ ಶುರುಮಾಡುತ್ತೀಯ, ನಾನು ಬಿಟ್ಟುಬಿಡುತ್ತೇನೆ. ಚಿಕ್ಕಂದಿನಿಂದ ಇದೇ ಆಯಿತು. ಕಾಗದಕ್ಕಾದರೆ ನಿನಗೆ ಅಡ್ಡಬಾಯಿ ಹಾಕಲಾಗುವುದಿಲ್ಲ.

ವಿದುರಾಶ್ವತ್ಥದಲ್ಲಿ ನೀನು ಮಾಡಿದ ರೀಲನ್ನು ಮೇಲೂರಿನ ನಮ್ಮ ಮನೆಯಲ್ಲಿ ಮೊದಲು ನೋಡಿದವರು ನಮ್ಮತ್ತೆ. ನಾಗರಕಲ್ಲುಗಳ ಸಾಲು, ಅಶ್ವತ್ಥಕಟ್ಟೆ, ಒದ್ದೆ ಸೀರೆಯಲ್ಲಿ ಪ್ರದಕ್ಷಿಣೆ ಬರುತ್ತಿರುವ ಇಬ್ಬರು ಹೆಂಗಸರು. ಅವರ ಹಿಂದೆ ಸೊಂಟ ಕುಣಿಸುತ್ತ, ಅವರ ನಡಿಗೆಯನ್ನೇ ಅಣಕಿಸುತ್ತ ನೀನು. ಆ ಹೆಂಗಸರಲ್ಲಿ ಒಬ್ಬಳು ನಾನು. ಮುಖ ಕಾಣುತ್ತಿರಲಿಲ್ಲ, ತಲೆತುಂಬ ಸೆರಗಿತ್ತು. ಆದರೆ "ಇದು ನಾ ಕೊಟ್ಟ ಸೀರೆ ಅಲ್ವೇನಮ್ಮ?" ಅಂದರು ಅತ್ತೆ. ಮಡಿಲು ತುಂಬಲೆಂದು ಯಾರಿಗೂ ಹೇಳದೆ ಹೊತ್ತಿದ್ದ ಹರಕೆ, ಲಕ್ಷಾಂತರ ಜನರ ನಗುವಿನ ಜೊತೆ ಮನೆಯ ಹಜಾರಕ್ಕೆ ಬಂತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಫೋನು ಮಾಡಿದರೆ ನೀನು, "ಅಯ್ಯೋ, ಅದು ನೀನಂತ ಗೊತ್ತಿರ್ಲಿಲ್ಲ ಕಣಕ್ಕಾ. ಗೊತ್ತಿದ್ರೆ ಹಾಕ್ತಿದ್ನಾ?" ಅಂದೆ. ಆಗಲೇ ತೆಗೆದೂ ಬಿಟ್ಟೆ. ಪರವಾಗಿಲ್ಲ, ನನ್ನ ತಮ್ಮ ನನ್ನ ತಮ್ಮನೇ ಅಂದುಕೊಂಡೆ. ಮರುದಿನ ನೋಡಿದರೆ ಅದೇ ರೀಲು ಮತ್ತೆ ಬಂದಿದೆ. ನನ್ನನ್ನು ಕತ್ತರಿಸಿ ತೆಗೆದಿದ್ದೀಯ. ಇನ್ನೊಬ್ಬರು ಹಾಗೇ ಇದ್ದಾರೆ, ಒಬ್ಬರೇ, ಮೊದಲಿಗಿಂತ ದೊಡ್ಡದಾಗಿ ಕಾಣುತ್ತ.

ಥೂ, ಚೈತು! ನಿನ್ನ ಮೇಲೆ ನನಗೆ ಹೇಸಿಗೆಯಾದದ್ದು ಅದೇ ಮೊದಲು. ನಿನ್ನ ಅಕ್ಕನಾದರೆ ಮರ್ಯಾದೆ, ಬೇರೆಯವರ ಅಮ್ಮನಾದರೆ ಕಂಟೆಂಟಾ?

ಅವರ ಹೆಸರು ಕದಿರಮ್ಮ. ಗೌರಿಬಿದನೂರಿನ ಆಚೆ, ಆಂಧ್ರದ ಗಡಿಯ ಹಳ್ಳಿಯವರು. ಮಂಡಿ ಸವೆದು ಕಾಲೆಳೆದು ನಡೆಯುತ್ತಾರೆ. ನೀನು ಅಣಕಿಸಿ ಲೈಕು ಗಳಿಸಿದ್ದು ಆ ಕಾಲನ್ನೇ. ಅವರ ಮಗಳಿಗೆ ಬಸಿರು ನಿಲ್ಲುತ್ತಿಲ್ಲ, ಕೊನೆಯ ಸಲವಂತೂ ಜೀವಕ್ಕೇ ಬಂದಿತ್ತು, ಇನ್ನೂ ಹಾಸಿಗೆ ಬಿಟ್ಟು ಎದ್ದಿಲ್ಲ. ಅವಳ ಬದಲು ತಾಯಿ ಸುತ್ತುತ್ತಿದ್ದಾರೆ. ನಾಗರಪಂಚಮಿಯ ದಿನ ಅವಳ ಹೆಸರಿನಲ್ಲಿ ನಾಗರಕಲ್ಲು ಪ್ರತಿಷ್ಠೆ ಆಗಬೇಕು. ತಾಯಿಯೂ ಬಾರದಿದ್ದರೆ, ಪ್ರತಿಷ್ಠೆಗೆಂದು ನೀರಿನಲ್ಲಿ ಮುಳುಗಿಸಿಟ್ಟಿರುವ ಆ ಕಲ್ಲು ಅಲ್ಲೇ ಉಳಿಯುತ್ತದೆ.

ನಾನು ಮೊದಲ ಸಲ ಹೋದಾಗ ಬಟ್ಟೆ ಬದಲಿಸಲು ಜಾಗ ಸಿಗದೆ ನಡುಗುತ್ತ ನಿಂತಿದ್ದೆ. "ಬಾಮ್ಮ, ನಾನಿದೀನಲ್ಲ" ಎಂದು ತಮ್ಮ ಒಣಸೀರೆಯನ್ನು ಅಡ್ಡ ಹಿಡಿದವರು ಅವರು. ತಾವಿನ್ನೂ ಒದ್ದೆಯಲ್ಲೇ ಇದ್ದರು ಕಣೋ! ನಿನ್ನ ಅಕ್ಕನಿಗೆ ಮರೆಯಾಗಿ ನಿಂತವರನ್ನು ನೀನು ಊರಿಗೆಲ್ಲ ತೋರಿಸಿ ನಗಿಸಿದೆ.

ಮೊನ್ನೆ ಅವರು ಬರಲಿಲ್ಲ. ಫೋನು ಮಾಡಿದರೆ, "ನಮ್ಮೂರ ಹುಡುಗ್ರು ನನ್ ಕಂಡ್ರೆ ಕುಂಟ್ಕೊಂಡು ಕುಣೀತಾರೆ. ಅಳಿಯನೂ ನೋಡ್ಬಿಟ್ನಂತೆ. ನಾನಿನ್ನ ಆ ಕಡೆ ಬರಲ್ಲ ತಲ್ಲೀ" ಅಂದರು. ಆ ರೀಲು ಮಾಡಿದವನು ನನ್ನ ತಮ್ಮ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

"ಪಬ್ಲಿಕ್ ಪ್ಲೇಸ್ ಅಲ್ವೇನಕ್ಕಾ" ಅನ್ನುತ್ತೀಯ. ಹೌದಪ್ಪಾ, ಎಲ್ಲರ ಜಾಗ. ಮಗುವಿಗೆ ಅನ್ನ ತಿನ್ನಿಸುವವರದೂ ಹೌದು, ಮೊಮ್ಮಕ್ಕಳ ಕೈ ಹಿಡಿದು ಬರುವ ಅಜ್ಜಿಯರದೂ ಹೌದು. ಅದಕ್ಕೇ ಅಲ್ಲಿ ಕಣ್ಣಿಗೆ ನಾಚಿಕೆ ಇರಬೇಕು. ನಿನ್ನನ್ನು ನೋಡಿ ಕಲಿತ ಹುಡುಗರು ಕಳೆದ ವಾರ ಮೊಬೈಲು ಹಿಡಿದು ಕಟ್ಟೆಯ ಹತ್ತಿರ ನಿಂತಿದ್ದರು, ಹೆಂಗಸರೆಲ್ಲ ಸೆರಗೆಳೆದುಕೊಂಡು ಸರಿದುಹೋದರು. ನಾಲ್ಕು ಜನ ಹಿಂದೆ ಬರುತ್ತಿದ್ದಾರೆಂದರೆ ಹೆಜ್ಜೆ ನೋಡಿಕೊಂಡು ಇಡಬೇಕೋ ಬೇಡವೋ?

ಪಂಚಮಿ ಈ ವಾರವೇ. ರೀಲು ತೆಗೆ. ತಪ್ಪಾಯಿತೆಂದು ನಿನ್ನ ರೀಲು ನೋಡುವ ಹುಡುಗರಿಗೆ ಹೇಳು, ಆ ತಾಯಿಯ ಹೆಸರೆತ್ತಬೇಡ. ಆಮೇಲೆ ಚಿಂತಾಮಣಿಯಿಂದ ನೇರ ಕದಿರಮ್ಮನವರ ಮನೆಗೆ ಹೋಗು, ಮೊಬೈಲನ್ನು ಅಮ್ಮನ ಹತ್ತಿರ ಬಿಟ್ಟು ಹೋಗು. ಕ್ಷಮೆ ಕೇಳುವುದನ್ನೂ ಶೂಟ್ ಮಾಡಿದೆಯೋ, ಮೇಲೂರಿನ ಬಾಗಿಲು ತುಳಿಯಬೇಡ. ಅವರು ಬೈದರೆ ಬೈಸಿಕೋ. ಒಪ್ಪಿದರೆ ಕಾರಿನಲ್ಲಿ ಕೂರಿಸಿಕೊಂಡು ಬಾ. ಸೀರೆ ಬದಲಿಸುವಾಗ ಮರೆ ನಾನು ಹಿಡಿಯುತ್ತೇನೆ. ನೀನು ಅತ್ತ ತಿರುಗಿ ನಿಂತು, ಮೊಬೈಲು ಎತ್ತುವವರನ್ನು ತಡೆ.

ಪ್ರತಿ ಪಂಚಮಿಗೂ ಹುತ್ತಕ್ಕೆ ತನಿ ಎರೆದು, ಅದೇ ಹಾಲನ್ನು ನಿನ್ನ ಬೆನ್ನಿಗೆ ಹಚ್ಚಿ, "ಹೊಟ್ಟೆ ತಣ್ಣಗಿರಲಿ, ಬೆನ್ನು ತಣ್ಣಗಿರಲಿ" ಎಂದು ಹರಸಿದ್ದೇನೆ. ಕಚಗುಳಿ ಎಂದು ನುಲಿಯುತ್ತಿದ್ದೆ, ನೆನಪಿದೆಯಾ? ಈ ಸಲ ಆ ತಾಯಿ ಕಟ್ಟೆ ಸುತ್ತುವವರೆಗೆ ನನ್ನ ಕೈ ನಿನ್ನ ಬೆನ್ನಿಗೆ ಬರುವುದಿಲ್ಲ. ಅಮ್ಮ ಅತ್ತರೂ ಅಷ್ಟೇ.

ಹೊಟ್ಟೆ ತಣ್ಣಗಿರಲಿ, ತಮ್ಮಾ. ಇದು ಅರ್ಧ ಆಶೀರ್ವಾದ. ಬೆನ್ನಿನದು ಹಾಲಿನ ತಂಬಿಗೆಯ ಜೊತೆ ಕಟ್ಟೆಯ ಹತ್ತಿರ ಕಾಯುತ್ತಿರುತ್ತದೆ.

ನಿನ್ನ ಅಕ್ಕ,
ಹರಿತಾ