ಅಪ್ಪ ಲೆಕ್ಕಕ್ಕಿಡದ ಮಾತ್ರೆ

ಹೊಲಿಗೆ ಅಂಗಡಿಯಿಂದ
ಬುಧವಾರ, ಒಂಬತ್ತನೇ ತಾರೀಕು

ನನ್ನ ಮುದ್ದಿನ ತಮ್ಮಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲ ಗೋದಾಮಿನ ಮೆಟ್ಟಿಲ ಮೇಲೆ ಕೂತು ಬನ್ನು ಕಚ್ಚಿ ಊಟವಾಯಿತು ಅನ್ನುತ್ತೀಯಾ? ನಿನ್ನೆ ಅಲ್ಲಿಗೆ ನಾಲ್ಕು ಸಲ ಫೋನ್ ಮಾಡಿದೆ. ನಿಮ್ಮ ಮೇಸ್ತ್ರಿ ಮಹಾಶಯ, ಕೆಲಸದಲ್ಲಿದ್ದಾನೆ ಅಂತ ಇಟ್ಟುಬಿಟ್ಟ. ಅಪ್ಪ ಚೆನ್ನಾಗಿದ್ದಾರೆ ಅಂತ ಬರೆಯಲು ಹೊರಟು ಎರಡು ಕಾಗದ ಹರಿದು ಹಾಕಿದೆ. ಅವರಿಗೆ ಹುಷಾರಿಲ್ಲ ಕಣೋ. ನಿನಗೆ ತಿಳಿಸಬಾರದು ಅಂತ ನನ್ನಿಂದ ಮಾತು ತಗೊಂಡಿದ್ದಾರೆ. ಆ ಮಾತು ಮುರಿಯುತ್ತಿದ್ದೇನೆ.

ಹದಿನೈದು ದಿನದಿಂದ ಅವರ ಪಾದ ಊದಿಕೊಂಡಿದೆ, ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತದೆ. ದಿನವಿಡೀ ನಿಂತು ಬಟ್ಟೆ ಕತ್ತರಿಸುವವರಿಗೆ ಇದೆಲ್ಲ ಇದ್ದದ್ದೇ ಅಂತ ಸಾಧಿಸಿದರು. ಊಟ ಸೇರದೆ ಮೂತ್ರವೂ ಕಡಿಮೆಯಾದ ಮೇಲೆ ಆಸ್ಪತ್ರೆಗೆ ಎಳಕೊಂಡು ಹೋದೆ. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಕಿಡ್ನಿ ಸೋಲುತ್ತಿದೆ ಅಂದರು. ನೋವಿನ ಮಾತ್ರೆ ಏನಾದರೂ ತಗೋತೀರಾ ಅಂತ ಎರಡೆರಡು ಸಲ ಕೇಳಿದರು. ಎರಡು ಸಲವೂ ಅಪ್ಪ, "ಬೀಪಿದು, ನೀರು ಹೋಗೋಕೆ ಕೊಟ್ಟಿದ್ದು, ಅಷ್ಟೇ ತಾಯಿ" ಅಂದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ನಿನ್ನೆ ಶಾಲೆಯ ಸಮವಸ್ತ್ರ ಕತ್ತರಿಸಲು ಹಳೆಯ ಕಾಗದದ ಅಚ್ಚುಗಳ ಕಟ್ಟುಗಳನ್ನು ಗೋಡೆಯ ಮೊಳೆಗಳಿಂದ ಕೆಳಗಿಳಿಸಿದೆ. ಪ್ರತಿ ಕಟ್ಟಿಗೂ ಅಳತೆಚೀಟಿ ಚುಚ್ಚಿಡುವುದು ಅಪ್ಪನ ಪದ್ಧತಿಯಲ್ಲವೇ? ಈಗ ಚೀಟಿಯ ಬದಲು ಮಾತ್ರೆ ಮುಗಿದ ಖಾಲಿ ಪಟ್ಟಿ, ಅದರ ಬೆನ್ನಮೇಲೆ ಯಾರದೋ ಎದೆಸುತ್ತು, ತೋಳುದ್ದ. ಒಂದಲ್ಲ ಎರಡಲ್ಲ, ಗೋಡೆಯುದ್ದಕ್ಕೂ. ಚಿಂದಿಯನ್ನೂ ಎಸೆಯದ ಮನುಷ್ಯ ತನ್ನ ಗುಟ್ಟನ್ನೂ ಎಸೆದಿರಲಿಲ್ಲ. ಎಲ್ಲವೂ ನೀನು ಮಂಡಿನೋವಿಗೆ ಅಂತ ತಿಂಗಳು ತಿಂಗಳು ಕಳಿಸುವ ಮಾತ್ರೆ. ವಾರಕ್ಕೊಂದು ನುಂಗುತ್ತಾರೆ ಅಂತ ನಾನು ತಿಳಿದಿದ್ದೆ, ಅವರು ದಿನಕ್ಕೆ ಮೂರು ನುಂಗುತ್ತಿದ್ದರು. ನಮ್ಮ ಬೀದಿಯ ಅಂಗಡಿಯದು ಅವರಿಗೆ ನಾಟುವುದಿಲ್ಲ, ಶಂಖದಿಂದ ಬಂದರೇ ತೀರ್ಥ. ಡಾಕ್ಟರಿಗೆ ಯಾಕೆ ಹೇಳಲಿಲ್ಲ ಅಂತ ರೇಗಿದರೆ, "ಅದು ಔಷಧಿ ಅಲ್ಲವಲ್ಲೇ, ಮಗ ಕಳಿಸಿದ್ದು" ಅಂದರು.

ಸಂಜೆಯೇ ಮತ್ತೆ ಕರಕೊಂಡು ಹೋದೆ. ಆ ಮಾತ್ರೆ ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತದಂತೆ. ಬೀಪಿ ಮಾತ್ರೆ, ನೀರಿನ ಮಾತ್ರೆಯ ಜೊತೆ ಸೇರಿದರಂತೂ ಇನ್ನೂ ಅಪಾಯವಂತೆ. ಅದನ್ನು ಪೂರ್ತಿ ನಿಲ್ಲಿಸಿದ್ದಾರೆ, ಉಳಿದೆರಡನ್ನು ಅವರೇ ನೋಡಿ ಬದಲಾಯಿಸಿದ್ದಾರೆ. ಸೋಮವಾರ ಮತ್ತೆ ರಕ್ತ ಪರೀಕ್ಷೆ. ಸುಧಾರಿಸಿದ್ದರೆ ಸರಿ, ಇಲ್ಲದಿದ್ದರೆ ಡಯಾಲಿಸಿಸ್ ಮಾತು ತೆಗೆಯುತ್ತಾರೆ. ಅಪ್ಪ ಈಗಲೂ ಮೇಜಿಗೆ ಒರಗಿ ನಿಂತು, ಮಂಡಿ ಹಿಡಿದುಕೊಂಡು, ಏನೂ ಆಗಿಲ್ಲ ಅನ್ನುತ್ತಿದ್ದಾರೆ. ನನಗೆ ತುಂಬಾ ಭಯವಾಗಿದೆ. ತಪ್ಪೆಲ್ಲ ನಿನ್ನದು ಅಂತ ಕೊರಗಬೇಡ, ಪೊಟ್ಟಣ ಬಿಚ್ಚಿ ಅವರ ಕೈಗೆ ಕೊಟ್ಟವಳು ನಾನೇ.

ಅಪ್ಪನ ಆಶೀರ್ವಾದ ನಿನಗೆ ಸದಾ ಇದ್ದೇ ಇದೆ. ನನ್ನದನ್ನೂ ಅದರ ಜೊತೆ ಸೇರಿಸಿಕೋ.

ನಿನ್ನ ಕಿವಿ ಹಿಂಡುವ
ಅಕ್ಕ

ಮತ್ತೆ: ಅಂಚೆಗೆ ಹೊತ್ತಾಯಿತು, ಗೀಚುತ್ತಿದ್ದೇನೆ. ಮನೆಯಲ್ಲಿ ಇನ್ಯಾರಾದರೂ ಇದನ್ನು ತಗೋತಾರಾ ಅಂತ ಡಾಕ್ಟರಮ್ಮ ನಿನ್ನೆ ಕೇಳಿದರು. ನಾನು ಇಲ್ಲ ಅನ್ನುವಷ್ಟರಲ್ಲಿ, ತನ್ನ ವಿಷಯಕ್ಕೆ ಎರಡು ಸಲ ಸುಳ್ಳು ಹೇಳಿದ ಅಪ್ಪ, "ನನ್ನ ಮಗ ತಗೋತಾನಮ್ಮಾ, ಬೆನ್ನುನೋವಿಗೆ, ಬೆಳಿಗ್ಗೆ ಎರಡು ಸಂಜೆ ಎರಡು" ಅಂದುಬಿಟ್ಟರು. ನೀನು ಅವರಿಗೆ ಮಾತ್ರ ಹೇಳಿದ್ದೆಯಂತೆ, ನನಗೆ ಗೊತ್ತೇ ಇರಲಿಲ್ಲ. ಈಗಷ್ಟೇ ನೆನಪಾಯಿತು, ಬೂಟು ಬಿಗಿಯಾಯಿತು, ಈ ವಯಸ್ಸಲ್ಲೂ ಕಾಲು ಬೆಳೆಯುತ್ತಿದೆ ಅಂತ ಹೋದ ಕಾಗದದಲ್ಲಿ ನೀನು ತಮಾಷೆ ಮಾಡಿದ್ದೆ. ಅದನ್ನು ಓದಿ ನಾವಿಬ್ಬರೂ ನಕ್ಕಿದ್ದೆವು. ಇವತ್ತೇ ಹೋಗಿ ರಕ್ತ ಪರೀಕ್ಷೆ ಮಾಡಿಸು.