ಕಿರುಬೆರಳಿನ ಸದ್ದು

ಭಾನುವಾರ, ೯ ನವೆಂಬರ್

ಪ್ರೀತಿಯ ಅಕ್ಕ,

ನಿನ್ನ ತಂಗಿ ಬಾಯಿಬಡಕಿಯ ನಮಸ್ಕಾರ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಬಾಬಿನ್‌ಗಳ ಜೊತೆ ಇಟ್ಟುಕೊಂಡಿದ್ದೇನೆ. ದಿನಾ ತೆಗೆದು ಓದುತ್ತೇನೆ, ದಿನಾ ಹಾಗೇ ಒಳಗಿಡುತ್ತೇನೆ. ಬೈಯುವುದಾದರೆ ಈ ಕಾಗದ ಪೂರ್ತಿ ಓದಿದ ಮೇಲೆ ಬೈ. ಮೊನ್ನೆ ಫೋನಿನಲ್ಲಿ, ಏನೇ ಉಪ್ಪು ಖಾರ ಇಲ್ಲದ ಹಾಗೆ ಮಾತಾಡ್ತೀಯ ಅಂದೆ. ಏನು ಮಾಡಲಿ? ನಿನ್ನ ಫೋನ್ ಬಂತೆಂದರೆ ಅಮ್ಮ ಸ್ಪೀಕರ್ ಹಾಕಿಸಿ ನನ್ನ ಮೊಣಕೈಗೆ ಅಂಟಿಕೊಂಡು ಕೂರುತ್ತಾಳೆ. ಅವಳೆದುರು ಆಡಲಾಗದ ಮಾತು ಬಹಳ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಕಾಲಿನ ಪ್ಲಾಸ್ಟರ್ ಬಿಚ್ಚಿದರು, ಊರುಗೋಲು ಹಿಡಿದು ಓಡಾಡುತ್ತೀಯ ಅಂತ ತಿಳಿದು ಒಂದಿಷ್ಟು ನೆಮ್ಮದಿಯಾಯಿತು. ಭಾವನವರಿಗೆ ಹೇಳು, ಇನ್ನೊಮ್ಮೆ ನೆಲ ಒದ್ದೆ ಮಾಡಿ ಒರೆಸದೆ ಬಿಟ್ಟರೆ ನಾನೇ ಬಂದು ಒರೆಸುವ ಬಟ್ಟೆಯನ್ನು ಅವರ ಕಾಲರಿಗೆ ಹೊಲಿದುಬಿಡುತ್ತೇನೆ. ಆ ಒದ್ದೆ ನೆಲದಿಂದಾಗಿ ನಿನಗೆ ತಮ್ಮನ ಮುಖ ಕೊನೆಯ ಸಲ ನೋಡಲೂ ಸಿಗಲಿಲ್ಲ. ಇದನ್ನು ಅವರಿಗೆ ಹೇಳಬೇಡ, ಪಾಪ.

ಇಲ್ಲಿ ಅಂಗಡಿ ನಡೆಯುತ್ತಿದೆ. ಮನುಷ್ಯರು ಹೋಗುತ್ತಾರೆ, ಪ್ಯಾಂಟಿನ ಜಿಪ್ಪು ಕೆಡುವುದು ಮಾತ್ರ ನಿಲ್ಲುವುದಿಲ್ಲ. ಮಾತಾಡಿಸಿಕೊಂಡು ಹೋಗೋಣ ಅಂತ ಬಂದವರೇ ಕಣ್ಣೊರೆಸಿಕೊಂಡು ಎದ್ದು, ಬಾಗಿಲಲ್ಲಿ ತಿರುಗಿ, ಈ ಕೋಟಿನ ತೋಳು ಒಂಚೂರು ಗಿಡ್ಡ ಮಾಡ್ತೀರಾ ಅನ್ನುತ್ತಾರೆ. ಮಾಡಿಕೊಡುತ್ತೇನೆ. ಹೋದ ವಾರ ಒಂದು ಜಿಪ್ಪನ್ನು ತಲೆಕೆಳಗಾಗಿ ಹಾಕಿಬಿಟ್ಟೆ. ಬಿಚ್ಚಿ ಮತ್ತೆ ಹೊಲಿಯುವಾಗ ಅಳು ಬಂತು. ಜಿಪ್ಪಿಗಲ್ಲ. ಯಾವುದಕ್ಕೂ ಕೈ ಏಳುವುದಿಲ್ಲ ಅಕ್ಕ. ಬೆಳಿಗ್ಗೆ ಷಟರ್ ಎತ್ತುವಾಗಲೇ ಇದನ್ನು ಮತ್ತೆ ಇಳಿಸುವ ಹೊತ್ತು ಯಾವಾಗ ಬರುತ್ತದೋ ಅನ್ನಿಸುತ್ತದೆ.

ಎಲ್ಲವನ್ನೂ ಮೊದಲಿನಿಂದ ಬರೆ ಅಂದಿದ್ದೀಯ. ಬರೆಯುತ್ತೇನೆ.

ಅವನಿಗೆ ತಂತಿ ಅಂತ ಹೆಸರಿಟ್ಟವಳು ನೀನೇ. ಬಟ್ಟೆ ಒಣಗಿಸುವ ತಂತಿಯನ್ನೂ ಮೀಟದೆ ಬಿಡದ ಹುಡುಗ. ನಲವತ್ತು ದಾಟಿದ ಮೇಲೂ ಹಾಗೇ ಇದ್ದ. ಮೇಲಿನ ಕೋಣೆಯಲ್ಲಿ ಅವನ ಗಿಟಾರ್ ಪಾಠ, ಕೆಳಗೆ ನನ್ನ ಮೆಷಿನ್ನು. ನಾನು ಪೆಡಲ್ ತುಳಿದರೆ ಅವನೂ ಮೇಲೆ ಪೆಡಲ್ ತುಳಿಯುತ್ತಾನೆ ಅಂತ ಅಮ್ಮ ನಗುತ್ತಿದ್ದಳು. ಅವನ ಪೆಡಲ್ ನೀನು ನೋಡಿಲ್ಲ. ನೆಲದ ಮೇಲಿಡುವ, ಸೋಪಿನ ಡಬ್ಬಿಯಷ್ಟು ದೊಡ್ಡ ಲೋಹದ ಪೆಟ್ಟಿಗೆ. ಗಿಟಾರಿನ ಕೇಬಲ್ ಅದರೊಳಗೆ ಹೋಗುತ್ತದೆ, ಅಲ್ಲಿಂದ ಇನ್ನೊಂದು ಕೇಬಲ್ ಸದ್ದು ಹೊರಡಿಸುವ ಆಂಪ್ಲಿಫೈಯರಿಗೆ, ಅವನ ಬಾಯಲ್ಲಿ ಅದು ಆಂಪ್. ರಿವರ್ಬ್ ಅಂತ ಅದಕ್ಕೆ ಹೆಸರು. ನಮ್ಮ ಕೋಣೆ ಬೆಂಕಿಪೊಟ್ಟಣದಷ್ಟಿದೆ, ಇದು ಅದಕ್ಕೆ ದೊಡ್ಡ ಸಭಾಂಗಣದ ಗೋಡೆ ಕೊಡುತ್ತದೆ ಅನ್ನುತ್ತಿದ್ದ. ನಿಜ. ಮೀಟಿದ ಸ್ವರ ತಟ್ಟನೆ ಸಾಯದೆ, ಎಲ್ಲೋ ದೂರದ ಗೋಡೆ ಮುಟ್ಟಿ ಮೆತ್ತಗೆ ವಾಪಸು ಬರುತ್ತಿತ್ತು. ಹೊಸದರಲ್ಲಿ ಗುಂಡಿಯನ್ನು ಪೂರ್ತಿ ತಿರುಗಿಸಿ ನುಡಿಸಿದಾಗ, ಬಾವಿಗೆ ಬಿದ್ದವನು ಕೂಗಿದ ಹಾಗಿದೆ ಕಣೋ ಅಂತ ಕೆಳಗಿನಿಂದಲೇ ಕಿರುಚಿದ್ದೆ. ನಕ್ಕು ಕಡಿಮೆ ಮಾಡಿದ.

ಆ ಪೆಟ್ಟಿಗೆಯಲ್ಲಿ ಇನ್ನೊಂದು ಒತ್ತುಗುಂಡಿ ಇದೆ. ಕಾಲಿನಲ್ಲಿ ಅದನ್ನು ಒತ್ತಿದರೆ ಆ ಗಳಿಗೆಯಲ್ಲಿ ಮೊಳಗುತ್ತಿರುವ ಸ್ವರ ಒಳಗೇ ನಿಂತುಬಿಡುತ್ತದೆ. ಗಿಟಾರ್ ಕೆಳಗಿಟ್ಟರೂ, ಕೇಬಲ್ಲನ್ನೇ ಕಿತ್ತರೂ ಅದು ಸುತ್ತುತ್ತಲೇ ಇರುತ್ತದೆ. ಮತ್ತೆ ಒತ್ತಿದರೆ, ಇಲ್ಲವೇ ಪೆಡಲಿಗೆ ಕರೆಂಟು ತಪ್ಪಿದರೆ ಮುಗಿಯಿತು.

ಆ ಮಧ್ಯಾಹ್ನ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸಿಗೆ ಪಾಠವಿತ್ತು. ಆಕೆ ಹೊರಗಿನ ಮೆಟ್ಟಿಲಿನಲ್ಲಿ ಇಳಿದು ಹೋದದ್ದನ್ನು ಕಿಟಕಿಯಿಂದ ನೋಡಿದೆ. ಮೇಲೆ ಒಂದು ಸ್ವರ ಹಾಗೇ ನಿಂತಿತ್ತು. ಇವನು ಇನ್ನೂ ಏನೋ ನುಡಿಸಿಕೊಳ್ಳುತ್ತಿದ್ದಾನೆ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಒಳಮೆಟ್ಟಿಲಿನಿಂದ ಇಳಿದು ಬಂದ. ಕತ್ತರಿಸುವ ಮೇಜಿನ ಪಕ್ಕ ನಿಂತು ನನ್ನ ನೀರಿನ ಬಾಟಲಿ ಎತ್ತಿಕೊಂಡ. ಮುಖದ ತುಂಬ ನಗು.

"ಚಿಕ್ಕಕ್ಕ, ಇವತ್ತು..." ಅಂದ.

ಅಷ್ಟೇ. ಬಾಟಲಿ ಕೈಯಿಂದ ಜಾರಿತು, ಆಮೇಲೆ ಅವನೂ. ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು, ಹೃದಯ ಅಂದರು. ಅವತ್ತಿನಿಂದ ನಾನು ಒಂದನ್ನೇ ಯೋಚಿಸಿದ್ದೇನೆ. ಇವತ್ತು ಏನು? ಏನು ಹೇಳಲು ಬಂದಿದ್ದ?

ಆಸ್ಪತ್ರೆಯಿಂದ ಅಮ್ಮನನ್ನು ಕೈಹಿಡಿದು ಕರೆತಂದೆ. ಬೀಗ ತೆಗೆದರೆ ಮೇಲೆ ಆ ಸ್ವರ ಇನ್ನೂ ಮೊಳಗುತ್ತಿದೆ. ನಾವು ಹೋಗುವಾಗ ಹೇಗಿತ್ತೋ ಹಾಗೇ. ಅಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟಳು. "ಮೇಲಿದ್ದಾನಲ್ಲೇ," ಅಂದಳು. ನನ್ನ ಕೈ ಬಿಡಿಸಿಕೊಂಡು ಮೆಟ್ಟಿಲು ಹತ್ತಿದಳು. ಆ ಮಂಡಿ ಇಟ್ಟುಕೊಂಡು ಅಷ್ಟು ಬೇಗ ಅವಳು ಹತ್ತಿದ್ದನ್ನು ನಾನು ಕಂಡೇ ಇಲ್ಲ. ಹಿಂದೆಯೇ ಓಡಿದೆ. ಅವಳು ಕೋಣೆಯ ನಡುವೆ ನಿಂತು ಸುತ್ತ ನೋಡುತ್ತಿದ್ದಳು.

ಮಾರನೆಯ ದಿನ ಅವನ ಗೆಳೆಯ, ಆ ಡ್ರಮ್ಮಿನವನು ಬಂದ. ಪೆಡಲ್ ಏನು ಮಾಡುತ್ತಿದೆ ಅಂತ ನಮಗೆ ತಿಳಿಸಿ ಹೇಳಿದವನು ಅವನೇ. ಆಂಪನ್ನು ಆರಿಸಬಹುದು, ಪೆಡಲ್ ಆರಬಾರದು ಅಂದ. ಕರೆಂಟು ಹೋದರೆ ಅಂತ ಅಮ್ಮ ನಡುಗುವುದನ್ನು ನೋಡಿ, ತನ್ನ ಕಂಪ್ಯೂಟರಿನ ಯುಪಿಎಸ್ಸನ್ನೇ ತಂದು ಅದಕ್ಕೆ ಹಾಕಿಕೊಟ್ಟ. ಫೋನಿನಲ್ಲಿ ರೆಕಾರ್ಡ್ ಕೂಡ ಮಾಡಿದ. ಅಮ್ಮ ಕೇಳಿ ಕೈಯಾಡಿಸಿದಳು, ಅದು ಅವನ ಫೋಟೋ, ಇದು ಅವನೇ ಅಂದಳು. ಹೋಗುವಾಗ ಡ್ರಮ್ಮಿನವನು ಚಾಪೆಯ ಮೇಲೆ ಬಿದ್ದಿದ್ದ ಕೇಬಲ್ ಎತ್ತಿ ಸುತ್ತಿಟ್ಟ. ಗಿಟಾರನ್ನು ನೀಟಾಗಿ ಸ್ಟ್ಯಾಂಡಿಗಿಟ್ಟು ಕೇಬಲ್ಲನ್ನು ಮಾತ್ರ ಹೀಗೆ ಬಿಸಾಡಿದ್ದಾನಲ್ಲ, ಇದು ಅವನ ಬುದ್ಧಿಯಲ್ಲ ಅಂದ. ಮೈ ಸರಿಯಿರಲಿಲ್ಲವೇನೋ ಅಂದೆ ನಾನು.

ಅಂದಿನಿಂದ ಸಂಜೆಯಾದರೆ ಅಮ್ಮ ಮೇಲೆ ಹೋಗುತ್ತಾಳೆ. ಟೀವಿ ರಿಮೋಟು ಮುಟ್ಟಲು ಹೆದರುತ್ತಿದ್ದವಳು ಆಂಪ್ ಹಾಕುವುದನ್ನು ಕಲಿತಿದ್ದಾಳೆ. ಸ್ವಿಚ್ ಹಾಕಿ, ಬಿಸಿಯಾಗಲು ಬಿಟ್ಟು, ಆಮೇಲೆ ಸದ್ದನ್ನು ಕೂಸಿಗೆ ಹೊದೆಸುವಷ್ಟು ಮೆಲ್ಲಗೆ ಏರಿಸುತ್ತಾಳೆ. ಸ್ಟೂಲಿನ ಮೇಲೆ ಕೂತು ಆಂಪಿನ ಮುಂದಿನ ಬಟ್ಟೆಗೆ ಅಂಗೈ ಇಡುತ್ತಾಳೆ. ಇಡೀ ದಿನ ಒಂದು ಮಾತಿಲ್ಲದವಳು ಅಲ್ಲಿ ಮಾತ್ರ ಆಡುತ್ತಾಳೆ. ಊಟ ಮಾಡಿದ್ಲು ನಿನ್ ಅಕ್ಕ, ನಾನೂ ಮಾಡಿದೆ ಅಂತೆಲ್ಲ ಹೇಳುತ್ತಾಳೆ. ಸುಳ್ಳು. ಎರಡು ತುತ್ತಿಗೇ ಸಾಕು ಅನ್ನುತ್ತಾಳೆ. ಡಾಕ್ಟರನ್ನು ಕೇಳಿದೆ. ಆ ಸದ್ದು ಅವಳನ್ನು ಎಬ್ಬಿಸಿ ಕೂರಿಸುತ್ತಿದ್ದರೆ ಇರಲಿ ಬಿಡಿ, ಈಗ ಅದನ್ನು ಕಿತ್ತುಕೊಂಡರೆ ನಾನು ಜವಾಬ್ದಾರನಲ್ಲ ಅಂದರು.

ಆ ಸ್ವರ ತಿರುಗಿ ತಿರುಗಿ ಬರುವಾಗ ನಡುವೆ ಒಂದು ಕಡೆ ಸಣ್ಣ ಕರಕರ ಇದೆ. ತಂತಿಯನ್ನು ಬೆರಳು ಸರಿಯಾಗಿ ಅಮುಕದಿದ್ದರೆ ಬರುವಂಥದ್ದು. ಅದು ಬಂದಾಗಲೆಲ್ಲ ಅಮ್ಮ ನನ್ನತ್ತ ಬೆರಳೆತ್ತಿ, ಅಗೋ ಅನ್ನುತ್ತಾಳೆ. ಅದು ಅವನ ಕಿರುಬೆರಳಂತೆ. ಚಿಕ್ಕವನಿದ್ದಾಗ ಬಾಗಿಲ ಸಂದಿಗೆ ಸಿಕ್ಕಿ ಸೊಟ್ಟಗಾಗಿತ್ತಲ್ಲ, ಆ ಬೆರಳು. ಇದನ್ನು ನಿನಗೆ ಫೋನಿನಲ್ಲಿ ಹೇಳಿದವಳೂ ಅಮ್ಮನೇ. ಅದಕ್ಕೇ ತಾನೆ ನೀನು ಬರೆದದ್ದು, ನಾನು ಮುಚ್ಚಿದ ಬಾಗಿಲು ಅದರಲ್ಲಿ ಕೇಳಿಸುತ್ತದಾ ಅಂತ. ನಾನು ಬರುವವರೆಗೆ ಆರಿಸಬೇಡಿ, ಒಂದು ಸಲ ಅದರ ಮುಂದೆ ಕೂತು ಅವನ ಹತ್ತಿರ ತಪ್ಪಾಯಿತು ಅನ್ನಬೇಕು ಅಂತ. ಆ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಅಕ್ಕ, ನೀನಾಗ ಎಂಟು ವರ್ಷದ ಹುಡುಗಿ. ಗಾಳಿಗೆ ಬಡಿಯುತ್ತಿದ್ದ ಬಾಗಿಲನ್ನು ಮುಚ್ಚಿದೆ, ಅಷ್ಟೇ. ಆ ಬೆರಳನ್ನು ತೋರಿಸಿ ಅವನು ನಿನ್ನಿಂದ ಎಷ್ಟು ಪೆಪ್ಪರಮಿಂಟು ಕಿತ್ತಿದ್ದಾನೆ, ಲೆಕ್ಕ ಚುಕ್ತಾ ಆಗಿ ಎಷ್ಟೋ ಕಾಲವಾಯಿತು.

ನಾನೂ ಮಧ್ಯಾಹ್ನ ಅಮ್ಮ ಮಲಗಿದಾಗ ಮೇಲೆ ಹೋಗುತ್ತಿದ್ದೆ. ಅದರ ಮುಂದೆ ಕೂತು ಗುಂಡಿ ಹಾಕುತ್ತಿದ್ದೆ, ಅಂಚು ಹೊಲಿಯುತ್ತಿದ್ದೆ. ಅವನಿದ್ದಾಗ ಜಗಳ ಆಡಿದಷ್ಟೇ ಜಗಳ ಆಡುತ್ತಿದ್ದೆ. ಹಗುರಾಗುತ್ತಿತ್ತು. ಈಗ ಹದಿನೈದು ದಿನದಿಂದ ನಾನಾಗಿ ಹೋಗುತ್ತಿಲ್ಲ. ಆ ಕನ್ನಡಕದ ಅಂಗಡಿಯ ಹೆಂಗಸು ಬಂದಿದ್ದರು, ಆಮೇಲಿಂದ ಮೆಟ್ಟಿಲು ಹತ್ತಲು ಕಾಲು ಬರುತ್ತಿಲ್ಲ.

ಮುಂದಿನ ತಿಂಗಳು ಬರುತ್ತೇನೆ ಅಂದಿದ್ದೀಯ. ಬಾ. ಮೆಟ್ಟಿಲಿಗೆ ಇನ್ನೊಂದು ಬದಿಯಲ್ಲೂ ಕಂಬಿ ಹಾಕಿಸುತ್ತೇನೆ. ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಅವರ ಬೆರಳುಗಳೆಲ್ಲ ನೆಟ್ಟಗಿರಲಿ, ಅವರು ನುಡಿಸಿದ್ದು ಕೇಳಲು ಮನೆಯಲ್ಲಿ ಜನ ಇರಲಿ. ನಿನ್ನ ಕಾಲಿಗೆ ಬಲ ಬರಲಿ. ನನ್ನ ತಲೆಯ ಮೇಲೆ ಕೈಯಿಡಲು ಇನ್ನು ನೀನೊಬ್ಬಳೇ ಉಳಿದಿರುವುದು. ಅಮ್ಮನ ಕೈಯೆಲ್ಲ ಈಗ ಆಂಪಿನ ಮೇಲೆ.

ನಿನ್ನ ತಂಗಿ,
ಬಾಯಿಬಡಕಿ

ತಾ.ಕ.: ಕಾಗದ ಮಡಚಿ ಕವರಿಗೆ ಹಾಕಿದ್ದೆ. ಮತ್ತೆ ತೆಗೆದೆ. ನನ್ನ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ ಅಂತ ಊರಿಗೆಲ್ಲ ಸಾರಿದವಳು ನೀನು. ಈ ಒಂದನ್ನು ಇಷ್ಟು ದಿನ ಬಾಯಲ್ಲಿಟ್ಟುಕೊಂಡು ನನಗೆ ಉಸಿರು ಕಟ್ಟುತ್ತಿದೆ.

ಆ ಹೆಂಗಸು ಪಾಠದ ಮಾರನೆಯ ದಿನವೇ ಮಗಳ ಹೆರಿಗೆಗೆ ಬೇರೆ ಊರಿಗೆ ಹೋಗಿದ್ದರಂತೆ. ಏನೂ ತಿಳಿಯದೆ ಬೆನ್ನಿಗೆ ಗಿಟಾರ್ ಹಾಕಿಕೊಂಡು ಪಾಠಕ್ಕೆ ಬಂದರು. ಅಂಗಡಿಯಲ್ಲಿ ಕೂರಿಸಿ ವಿಷಯ ಹೇಳಿದೆ. ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಅಷ್ಟರಲ್ಲಿ ಮೇಲೆ ಅಮ್ಮ ಆಂಪ್ ಹಾಕಿದಳು. ಆಕೆ ತಲೆಯೆತ್ತಿ ಸೂರು ನೋಡಿದರು.

"ಇದು ನಂದು," ಅಂದರು. "ಇದು ನಾನು ನುಡಿಸಿದ್ದು."

ನಾಲ್ಕೂ ಬೆರಳು ಒಟ್ಟಿಗೆ ಬೇಕಾಗುವ ಆ ಸ್ವರ ತಿಂಗಳುಗಟ್ಟಲೆ ಅವರ ಕೈಗೆ ಕೂತಿರಲಿಲ್ಲವಂತೆ. ಅವತ್ತು ಮೊದಲ ಸಲ ಕೂತಿತಂತೆ. ಇವನು, ಬಿಡಬೇಡಿ ಬಿಡಬೇಡಿ ಅನ್ನುತ್ತಾ ಕಾಲಲ್ಲಿ ಗುಂಡಿ ಒತ್ತಿ, ನೋಡಿ, ಇನ್ನು ಇದು ಎಲ್ಲೂ ಹೋಗಲ್ಲ ಅಂದನಂತೆ. ಆಕೆ ಹೊತ್ತಾಯಿತೆಂದು ತಮ್ಮ ಗಿಟಾರಿನಿಂದ ಕೇಬಲ್ ಕಿತ್ತು ಚಾಪೆಯ ಮೇಲೆ ಬಿಟ್ಟು ಹೊರಟಾಗ, ಚಿಕ್ಕಕ್ಕನಿಗೆ ಹೇಳಲೇಬೇಕು ಇದನ್ನು ಅನ್ನುತ್ತಿದ್ದನಂತೆ. ಇವತ್ತು ಏನು ಅಂತ ಗೊತ್ತಾಯಿತಲ್ಲ ಅಕ್ಕ. ಅವನು ಹೇಳಲು ಬಂದದ್ದು ಇದು.

ಹಾಗಾದರೆ ಆ ಕರಕರ ಅಂತ ಕೇಳಿದೆ. ಆಕೆ ಎಡಗೈ ಚಾಚಿ ತೋರಿಸಿದರು.

"ಕಿರುಬೆರಳು ಇನ್ನೂ ಸರಿಯಾಗಿ ಒತ್ತಕ್ಕೆ ಬರಲ್ಲ ನಂಗೆ. ಅದನ್ನ ಮುಂದಿನ ವಾರ ನೋಡೋಣ ಅಂದಿದ್ರು ಸರ್."

ಅದರಲ್ಲಿ ನಿನ್ನ ಬಾಗಿಲು ಇಲ್ಲ ಅಕ್ಕ. ಅವನ ಬೆರಳೇ ಇಲ್ಲ. ಅವನದು ಅಂತ ಇರುವುದು ಕಾಲಿನ ಆ ಒಂದು ಒತ್ತು. ಅದಕ್ಕೆ ಸದ್ದಿಲ್ಲ. ಅಮ್ಮನಿಗೆ ಹೇಳಬೇಡಿ ಅಂತ ಆಕೆಯ ಕೈ ಹಿಡಿದು ಕೇಳಿಕೊಂಡೆ. ನಿನಗೂ ಹೇಳಬಾರದಿತ್ತು. ಆದರೆ ನೀನು ಅಷ್ಟು ದೂರದಿಂದ ಕುಂಟಿಕೊಂಡು ಬಂದು ಯಾರದೋ ಬೆರಳಿನ ಹತ್ತಿರ ತಪ್ಪಾಯಿತು ಅನ್ನುವುದನ್ನು ಪಕ್ಕದಲ್ಲಿ ನಿಂತು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ನಿನ್ನೆ ಸಂಜೆ ಅಮ್ಮ ಮೇಲಿನಿಂದ ಕೂಗಿದಳು. ಹೋದೆ. ನನ್ನ ತಲೆ ಹಿಡಿದು ಆಂಪಿನ ಬಟ್ಟೆಗೆ ಕಿವಿ ಒತ್ತಿಸಿ, ಕಿರುಬೆರಳು ಕೇಳಿಸ್ತಾ ಅಂದಳು. ಕೇಳಿಸ್ತು ಅಮ್ಮ ಅಂದೆ. ನೀನು ಬಂದ ದಿನ ನಿನ್ನನ್ನೂ ಹಾಗೇ ಕೂರಿಸಿ ಕೇಳುತ್ತಾಳೆ. ಕೇಳಿಸ್ತು ಅನ್ನು ಅಕ್ಕ.