ಜಾಗ ಅರ್ಧ ಖಾಲಿ ಇತ್ತು

ಅಣ್ಣಿಗೇರಿ
14 ಜೂನ್ 2025

ಪ್ರೀತಿಯ ಜುಲೇಖಾ,

ಹತ್ತು ದಿನದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಭಾನುವಾರ ಮೊರಬಕ್ಕೆ ಬಂದಿದ್ದೆ. ನಿಮ್ಮ ಅಮ್ಮ ಅಜೀಜಾಬಿ ಬಾಗಿಲಲ್ಲೇ ನಿಂತು, "ಆಕಿ ಮನ್ಯಾಗಿಲ್ಲ ನಂದಾ, ಚಹಾ ಕುಡದ ಹೋಗು" ಎಂದರು. ನಿನ್ನ ಚಪ್ಪಲಿ ಹೊಸ್ತಿಲ ಬಾಜುವಿನಲ್ಲೇ ಇದ್ದವು. ನಾನು ಚಹಾ ಕುಡಿದು ಬಸ್ ಹತ್ತಿದೆ. ಕಾಗದವಾದರೆ ಓದುತ್ತೀ ಎಂದು ಬರೆಯುತ್ತಿದ್ದೇನೆ.

ಹಾಡುಗಳನ್ನು ಧ್ವನಿಮುದ್ರಿಸಿಡುವ ಯಂತ್ರದಿಂದ ನಮ್ಮಜ್ಜಿ ಶಿವಗಂಗವ್ವನ ಹಾಡುಗಳನ್ನು ಅಳಿಸಿದವಳು ನೀನೇ ಎಂದು ಸಮಿತಿಯ ಸಭೆಯಲ್ಲಿ ಒಪ್ಪಿಕೊಂಡು, ಗ್ರಂಥಾಲಯದ ಕೀಲಿಯನ್ನು ಅಧ್ಯಕ್ಷ ಶಂಕ್ರಪ್ಪ ಕಾಕಾನ ಮುಂದೆ ಇಟ್ಟುಬಿಟ್ಟೆ. "ತಿಳೀಲಾರದವರ ಕೈಯಾಗ ಮಷೀನ ಕೊಟ್ರ ಹಿಂಗ ಆಗೂದು" ಎಂದು ಅವರು ಹೇಳಿದರು. ಅಜ್ಜಿ ಹೋಗಿ ಇನ್ನೂ ವರ್ಷವಾಗಿಲ್ಲ, ಮೊಮ್ಮಗಳಿಗೆ ದುಃಖವಾಗಿದೆ ಎಂದು ಎಲ್ಲರೂ ನನ್ನ ಮುಖ ನೋಡಿದರು. ಅದನ್ನು ನಾನು ಹಾಗೇ ಇರಗೊಟ್ಟೆ.

ಆ ದಿನ ನೀನು ಹೊಸ ಹಾಡು ಧ್ವನಿಮುದ್ರಿಸುವಾಗ ಯಂತ್ರದ ಪರದೆಯ ಮೇಲೆ ಬಂದ ಸಂದೇಶ ನಿನಗೆ ನೆನಪಿರಬೇಕು: "ಜಾಗ ತುಂಬಿದೆ. ದೊಡ್ಡ ಹಳೆಯ ಕಡತಗಳನ್ನು ಅಳಿಸಿ." ಯಂತ್ರದ ಪ್ರೋಗ್ರಾಂ ಮಾಡಿಕೊಟ್ಟಾಗ ಆ ಎರಡು ವಾಕ್ಯ ಬರೆದವಳು ನಾನು.

ಜಾಗ ತುಂಬಿರಲಿಲ್ಲ, ಜುಲೇಖಾ. ಡಿಸ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಇತ್ತು. ನಿನ್ನ ಗ್ರಂಥಾಲಯದ ಮಾತಿನಲ್ಲೇ ಹೇಳುತ್ತೇನೆ. ಕಪಾಟು ಖಾಲಿ ಇದ್ದರೂ, ಪುಸ್ತಕಗಳ ಹೆಸರು ಬರೆಯುವ ರಜಿಸ್ಟರಿನ ಸಾಲು ಮುಗಿದರೆ ಹೊಸ ಪುಸ್ತಕ ಸೇರಿಸಲಾಗದು. ಇಲ್ಲಿಯೂ ಅದೇ ಆಗಿತ್ತು. ಮದುವೆಯ ಸೋಬಾನ ಹಾಡಿನಲ್ಲಿ ಇಬ್ಬರು ಒಂದು ನುಡಿ ಹಾಡಿ ಉಸಿರು ಬಿಡುತ್ತಾರೆ, ಎದುರಿನ ಇಬ್ಬರು ಎತ್ತಿಕೊಳ್ಳುತ್ತಾರೆ. ಮೊದಮೊದಲು ಇಡೀ ಹಾಡು ಒಂದೇ ಕಡತವಾಗುತ್ತಿತ್ತು; ಅಜ್ಜಿಯ ಹಾಡುಗಳು ಹೆಚ್ಚಾಗಿ ಆಗಿನವು. ಆಮೇಲೆ, ಹುಡುಕಲು ಸುಲಭವೆಂದು, ಮೌನ ಬಂದಲ್ಲೆಲ್ಲ ಕತ್ತರಿಸುವಂತೆ ನಾನು ಮಾಡಿದೆ. ಎರಡು ವರ್ಷದಲ್ಲಿ ಅರವತ್ತೈದು ಸಾವಿರ ತುಣುಕುಗಳಾದವು. ರಜಿಸ್ಟರ್ ತುಂಬಿತು.

ಜಾಗ ಮುಗಿದರೂ ಸಾಲು ಮುಗಿದರೂ ಯಂತ್ರ ಒಂದೇ ಸಂಕೇತ ಕೊಡುತ್ತದೆ. ಯಾವುದೆಂದು ಕೇಳಿ ತಿಳಿದುಕೊಳ್ಳಲು ನಾಲ್ಕು ಸಾಲು ಹೆಚ್ಚು ಬರೆಯಬೇಕಿತ್ತು. ಹಳ್ಳಿಯಲ್ಲಿ ಯಾರಿಗೆ ಅದು ತಿಳಿಯುತ್ತದೆ ಎಂದುಕೊಂಡು ಬಿಟ್ಟೆ. ಶಂಕ್ರಪ್ಪ ಕಾಕಾ ಅಂದದ್ದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಯಂತ್ರದ ದಾಖಲೆ ತೆಗೆದು ನೋಡಿದೆ. ನೀನು ಅಜ್ಜಿಯ ಒಂದು ದೊಡ್ಡ ಕಡತ ಅಳಿಸಿದೆ, ಒಂದು ಸಾಲು ಖಾಲಿಯಾಯಿತು, ಹೊಸ ಹಾಡಿನ ಒಂದು ನುಡಿ ಧ್ವನಿಮುದ್ರಣವಾಯಿತು. ಮತ್ತೆ ಅದೇ ಸಂದೇಶ. ಹನ್ನೊಂದು ನುಡಿಗೆ ಹನ್ನೊಂದು ಕಡತ. ಪ್ರತಿ ಸಲವೂ ಅಳಿಸುವ ಮುಂಚೆ ನೀನು ಐದಾರು ನಿಮಿಷ ತಡೆದಿದ್ದೀ. ಮೂರು ಮರಳಿ ಸಿಕ್ಕಿವೆ. ಎಂಟು ಸಿಗುವುದಿಲ್ಲ.

ಇದೆಲ್ಲ ನನಗೆ ಸಭೆಯ ಹಿಂದಿನ ದಿನವೇ ಗೊತ್ತಿತ್ತು.

ಸಂದೇಶವನ್ನು ಈಗ ಹೀಗೆ ಬದಲಿಸಿದ್ದೇನೆ: "ಹೊಸ ಕಡತದ ಹೆಸರು ಬರೆಯುವ ಸಾಲುಗಳು ಮುಗಿದಿವೆ. ಜಾಗ ಇನ್ನೂ ಇದೆ. ಏನನ್ನೂ ಅಳಿಸಬೇಡಿ. ಧ್ವನಿಮುದ್ರಣ ನಿಲ್ಲಿಸಿ ನಂದಾಳಿಗೆ ಫೋನ್ ಮಾಡಿ." ಕೆಳಗೆ ನನ್ನ ನಂಬರ್ ಇದೆ. ಇದು ಸರಿಯಾಗಿ ತಿಳಿಯುತ್ತದೋ ಇಲ್ಲವೋ ನೀನೇ ಓದಿ ಹೇಳಬೇಕು.

ಈ ಕಾಗದದ ಪ್ರತಿಯನ್ನು ಶಂಕ್ರಪ್ಪ ಕಾಕಾನಿಗೂ ಕಳಿಸಿದ್ದೇನೆ. ಮುಂದಿನ ಸಭೆಯಲ್ಲಿ ನಾನೇ ನಿಂತು ಓದುತ್ತೇನೆ. ಕೀಲಿ ತೆಗೆದುಕೊಳ್ಳುವುದು ಬಿಡುವುದು ನಿನ್ನ ಇಷ್ಟ.

ನಿನ್ನ,
ನಂದಾ

ತಾ.ಕ.: ನನ್ನ ಸಂದೇಶ ದೊಡ್ಡದನ್ನು ಅಳಿಸು ಎಂದಿದ್ದರಿಂದ ಸಣ್ಣ ತುಣುಕುಗಳೆಲ್ಲ ಉಳಿದಿವೆ. ಒಂದೊಂದಾಗಿ ಕೇಳುತ್ತಿದ್ದೇನೆ. ನಿನ್ನೆ ಏಳು ಸೆಕೆಂಡಿನದೊಂದು ಸಿಕ್ಕಿತು. ಹಾಡಲ್ಲ, ಅಜ್ಜಿ ನಿನಗೆ ಹೇಳಿದ ಮಾತು: "ಜುಲೇಖಾ, ನಮ್ಮ ನಂದಾ ಯಾವಾಗ್ಲೂ ಅರ್ಧಾನ ಹೇಳ್ತಾಳ ಬೇ. ಉಳದದ್ದ ನೀನ ಕೇಳಿ ತಗೋ." ಹಿಂದೆ ನೀನು ನಗುವುದೂ ಕೇಳಿಸುತ್ತದೆ.